ಹೆಸರಿನ ಹಕ್ಕು: ಅಮೆರಿಕದ ಕಪ್ಪು ಜನರ ಆತ್ಮಕಥನಗಳಲ್ಲಿ ನಿತ್ಯಜೀವನ

ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಹಾಘಟನೆಗಳ ದಾರಿಯನ್ನು ಹಿಡಿಯುತ್ತಾರೆ. ಗುಲಾಮರ ವ್ಯಾಪಾರ, 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ, ದಾಸ್ಯವನ್ನು ರದ್ದುಗೊಳಿಸಿದ 1865ರ ಸಂವಿಧಾನ ತಿದ್ದುಪಡಿ, 1964ರ ನಾಗರಿಕ ಹಕ್ಕುಗಳ ಶಾಸನ ಇವು ಆ ದಾರಿಯ ಮೈಲಿಗಲ್ಲುಗಳು. ಈ ಕ್ರಮವು ತಪ್ಪಲ್ಲ. ಆದರೆ ವರ್ಣಭೇದವು ಶಾಸನದ ಪುಟಗಳಲ್ಲಿ ಮಾತ್ರ ನೆಲೆಸಿದ್ದುದಲ್ಲ. ಅಡುಗೆಮನೆಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ, ಅಂಗಡಿಯ ಬಾಗಿಲಲ್ಲಿ, ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ಅದು ದಿನವೂ ಉಸಿರಾಡುತ್ತಿದ್ದಿತು. ಆ ನಿತ್ಯದ ಬದುಕನ್ನು ತಿಳಿಯಬೇಕೆಂದರೆ ಆ ಜನರೇ ತಮ್ಮನ್ನು ಕುರಿತು ಬರೆದುಕೊಂಡ ಗ್ರಂಥಗಳನ್ನು ಆಶ್ರಯಿಸಬೇಕಾಗುತ್ತದೆ. ಅವುಗಳನ್ನು ಕಾಲಾನುಕ್ರಮದಲ್ಲಿ ಓದಿದವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅದೇ ಹೆಸರಿನ ಸಂಗತಿ. ಯಾರು ಯಾರನ್ನು ಏನೆಂದು ಕರೆಯಬೇಕು, ಹಾಗೆ ಕರೆಯುವ ಅಧಿಕಾರವನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಯೇ ಎರಡು ಶತಮಾನಗಳಿಗೂ ಮೀರಿದ ಈ ಬರೆವಣಿಗೆಯ ಒಳದಾರವಾಗಿದೆ.

ಈ ಪ್ರಶ್ನೆಯ ಗಾಂಭೀರ್ಯವನ್ನು ಕನ್ನಡ ಮಾತನಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ತೊಟ್ಟಿಲಲ್ಲಿಟ್ಟು ಹೆಸರಿಡುವುದು ಇಲ್ಲಿ ಒಂದು ಸಂಸ್ಕಾರ. ವಯಸ್ಸಿನಲ್ಲಿ ಹಿರಿಯರಾದವರನ್ನು 'ನೀನು' ಎಂದರೆ ಏನಾಗುತ್ತದೆಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಬಹುವಚನದ ಒಂದು ಪ್ರತ್ಯಯದಲ್ಲಿ ಒಬ್ಬರ ಮಾನ ಅಡಗಿರುತ್ತದೆ. ಇಂಗ್ಲಿಷಿನಲ್ಲಿ ಈ ಏಕವಚನ ಬಹುವಚನಗಳ ಭೇದವಿಲ್ಲದಿರುವುದರಿಂದ ಆ ಕೆಲಸವನ್ನು ಹೆಸರಿನ ಹಿಂದೆ ಬರುವ ಮಿಸ್ಟರ್, ಮಿಸೆಸ್, ಮಿಸ್ ಎಂಬ ಉಪಪದಗಳು ಮಾಡುತ್ತವೆ. ಅವನ್ನು ಕೊಡುವುದರಲ್ಲಿಯೂ ಕೊಡದಿರುವುದರಲ್ಲಿಯೂ ಒಂದು ಸಮಾಜದ ಇಡೀ ವ್ಯವಸ್ಥೆಯೇ ತೋರಿಬರುತ್ತದೆ.

1619ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ಎಂಬ ತೀರದಲ್ಲಿ ಇಪ್ಪತ್ತಕ್ಕಿಂತ ತುಸು ಹೆಚ್ಚು ಮಂದಿ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಲಾಯಿತು. ಇಂಗ್ಲಿಷರ ವಸಾಹತುವಿನಲ್ಲಿ ಅವರ ಬರವನ್ನು ತಿಳಿಸುವ ಕಾಗದದಲ್ಲಿ ಸಂಖ್ಯೆಯುಂಟು, ಹೆಸರುಗಳಿಲ್ಲ. ಮುಂದಿನ ಕಾಗದಪತ್ರಗಳೂ ಬಹುಮಟ್ಟಿಗೆ ಇದೇ ಜಾಡನ್ನು ಅನುಸರಿಸಿದವು. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗಾಗಿ ಬೇರೆಯೇ ಪಟ್ಟಿಗಳನ್ನು ಸಿದ್ಧಪಡಿಸಲಾಗಿದ್ದಿತು. ಅವುಗಳಲ್ಲಿ ಒಡೆಯನ ಹೆಸರು ಇರುತ್ತಿದ್ದಿತು. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇಷ್ಟನ್ನೇ ಸಾಲಾಗಿ ಬರೆಯಲಾಗುತ್ತಿದ್ದಿತು. ಅತ್ಯಲ್ಪ ಅಪವಾದಗಳನ್ನು ಬಿಟ್ಟರೆ ಗುಲಾಮರ ಹೆಸರುಗಳು ಅಲ್ಲಿಲ್ಲ. 1860ರಲ್ಲಿ ಹೀಗೆ ಎಣಿಕೆಗೆ ಬಂದವರ ಸಂಖ್ಯೆ 39,53,760. ಅವರೆಲ್ಲರನ್ನೂ ಹೆಸರು ಹಿಡಿದು ದಾಖಲಿಸಿದ ಮೊದಲನೆಯ ಜನಗಣತಿ 1870ರದು. ಇಂದಿಗೂ ತಮ್ಮ ವಂಶದ ಮೂಲವನ್ನು ಹುಡುಕುವ ಕಪ್ಪು ಕುಟುಂಬಗಳು ಸಾಮಾನ್ಯವಾಗಿ ಆ ವರ್ಷದವರೆಗೆ ಸಾಗಿ ಅಲ್ಲಿ ಗೋಡೆಗೆ ಮುಟ್ಟಿದಂತೆ ನಿಂತುಬಿಡುತ್ತವೆ.

ಕಾಗದಪತ್ರಗಳ ಈ ಮೌನಕ್ಕೆ ಉತ್ತರವಾಗಿ ಬಂದವು ಆತ್ಮಕಥನಗಳು. ಇವುಗಳಲ್ಲಿ ಆದ್ಯವೆನಿಸಿದವುಗಳ ಪೈಕಿ ಒಂದು ಇಂಗ್ಲೆಂಡಿನಲ್ಲಿ ಹೊರಬಂದುದು. ಅಮೆರಿಕದ ಬರೆವಣಿಗೆಗೂ ಅದು ಮಾರ್ಗದರ್ಶಕವಾಯಿತು. 1789ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಲೌಡಾ ಎಕ್ವಿಯಾನೊ ಅವರ ಕೃತಿಯೇ ಅದು. ಒಂದು ಹಡಗಿನಲ್ಲಿ ತಮ್ಮನ್ನು ಮೈಕೇಲ್ ಎಂದೂ ವರ್ಜೀನಿಯಾದಲ್ಲಿ ಜೇಕಬ್ ಎಂದೂ ಕರೆದರೆಂದು ಅವರು ಹೇಳುತ್ತಾರೆ. ಬಳಿಕ ಅವರನ್ನು ಕೊಂಡ ನೌಕಾಪಡೆಯ ಅಧಿಕಾರಿ ಸ್ವೀಡನ್ನಿನ ಅರಸನೊಬ್ಬನ ಹೆಸರನ್ನು ತೆಗೆದು ಗುಸ್ಟಾವಸ್ ವಾಸಾ ಎಂದು ಇಟ್ಟನು. ಅದನ್ನು ಒಪ್ಪದ ಬಾಲಕನಿಗೆ ಒಪ್ಪುವವರೆಗೂ ಪೆಟ್ಟು ಬಿದ್ದಿತು. ದಾಸನಿಗೆ ಅರಸನ ಹೆಸರು! ಅದು ಗೌರವವಾಗಿರಲಿಲ್ಲ, ಪರಿಹಾಸವಾಗಿದ್ದಿತು. ಎಕ್ವಿಯಾನೊ ಅವರು 1766ರಲ್ಲಿ 40 ಪೌಂಡು ಹಣ ತೆತ್ತು ತಮ್ಮ ಬಿಡುಗಡೆಯನ್ನು ತಾವೇ ಕೊಂಡರು. ವ್ಯವಹಾರದಲ್ಲಿ ವಾಸಾ ಎಂಬ ಹೆಸರನ್ನೇ ಮುಂದುವರಿಸಿದರೂ, ಗ್ರಂಥದ ಮುಖಪುಟದಲ್ಲಿ ಎರಡು ಹೆಸರುಗಳನ್ನೂ ಅಚ್ಚು ಹಾಕಿಸಿದರು. ಅವರು ಹುಟ್ಟಿದುದು ಆಫ್ರಿಕದಲ್ಲಿಯೋ ಕೆರೊಲಿನಾದಲ್ಲಿಯೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತಮ್ಮ ಆಫ್ರಿಕನ್ ಹೆಸರನ್ನು ಲೋಕದ ಮುಂದಿಡುವ ನಿಶ್ಚಯ ಅವರದೇ ಎಂಬುದರಲ್ಲಿ ಸಂದೇಹವಿಲ್ಲ.

ಆ ಮುಖಪುಟದಲ್ಲಿ ಇನ್ನೂ ಒಂದು ಮಾತಿದ್ದಿತು: ಇದನ್ನು ಕಥಾನಾಯಕರೇ ಬರೆದಿದ್ದಾರೆ ಎಂಬುದು. ಮುಂದೆ ಗುಲಾಮರ ಕಥನಗಳ ಮುಖಪುಟಗಳಲ್ಲಿ ಈ ಮಾತು ಒಂದು ಸಂಪ್ರದಾಯವೇ ಆಯಿತು. ಬಿಳಿಯ ಲೇಖಕರಾರೂ ತಮ್ಮ ಪುಸ್ತಕವನ್ನು ತಾವೇ ಬರೆದೆವೆಂದು ಸಾರಬೇಕಾಗಿರಲಿಲ್ಲ. ಕಪ್ಪು ಲೇಖಕರಿಗೆ ಆ ಪ್ರಮಾಣ ಅನಿವಾರ್ಯವಾಗಿದ್ದಿತು. ಅಷ್ಟೇ ಅಲ್ಲದೆ, ಬಿಳಿಯ ಗಣ್ಯರ ಮುನ್ನುಡಿಯೂ ಬೇಕಾಗುತ್ತಿದ್ದಿತು. 1845ರಲ್ಲಿ ಪ್ರಕಟವಾದ ಫ್ರೆಡರಿಕ್ ಡಗ್ಲಸ್ ಅವರ ಪ್ರಸಿದ್ಧ ಕಥನಕ್ಕೆ ವಿಲಿಯಂ ಲಾಯ್ಡ್ ಗ್ಯಾರಿಸನ್ ಮತ್ತು ವೆಂಡೆಲ್ ಫಿಲಿಪ್ಸ್ ಅವರ ಮಾತುಗಳು ಬೆಂಬಲವಾಗಿ ನಿಂತುದು ಈ ಕಾರಣದಿಂದಲೇ.

ಡಗ್ಲಸ್ ಅವರ ಕಥನದ ಮೊದಲ ಪುಟಗಳಲ್ಲಿ ಓದುಗರನ್ನು ತಡೆದು ನಿಲ್ಲಿಸುವುದು ಚಾವಟಿಯ ವರ್ಣನೆಗಿಂತ ಹೆಚ್ಚಾಗಿ ಒಂದು ಸಣ್ಣ ಕೊರಗು. ಬಿಳಿಯ ಮಕ್ಕಳೆಲ್ಲ ತಮ್ಮ ವಯಸ್ಸನ್ನು ಹೇಳಬಲ್ಲವರಾಗಿದ್ದರು. ತಮಗೆ ಆ ಭಾಗ್ಯ ಏಕಿಲ್ಲವೆಂದು ಆ ಬಾಲಕ ಚಿಂತಿಸುತ್ತಿದ್ದನು. ಮೇರಿಲ್ಯಾಂಡಿನ ಟಾಲ್ಬಟ್ ಪ್ರಾಂತದಲ್ಲಿ 1818ರಲ್ಲಿ ಹುಟ್ಟಿದ ಅವರಿಗೆ ತಾಯಿಯಿಟ್ಟ ಹೆಸರು ಫ್ರೆಡರಿಕ್ ಅಗಸ್ಟಸ್ ವಾಷಿಂಗ್‌ಟನ್ ಬೇಲಿ. 1838ರ ಸೆಪ್ಟೆಂಬರ್ 3ರಂದು ದಾಸ್ಯದಿಂದ ತಪ್ಪಿಸಿಕೊಂಡು ಹೊರಟ ಮೇಲೆ ಹಿಡಿಯಲು ಬರುವವರ ಭಯದಿಂದ ಆ ಹೆಸರನ್ನು ಮರೆಮಾಡಬೇಕಾಯಿತು. ನ್ಯೂಯಾರ್ಕಿನಲ್ಲಿ ಅವರು ಜಾನ್ಸನ್ ಆದರು. ನ್ಯೂ ಬೆಡ್‌ಫರ್ಡಿಗೆ ಹೋದಾಗ ಅಲ್ಲಿ ಜಾನ್ಸನ್ನರು ಬಹಳ ಮಂದಿ ಇದ್ದರು. ಆಶ್ರಯ ಕೊಟ್ಟ ಮನೆಯಾತ ಸರ್ ವಾಲ್ಟರ್ ಸ್ಕಾಟ್ ಕವಿಯ ಒಂದು ಕಾವ್ಯವನ್ನು ಆಗತಾನೆ ಓದುತ್ತಿದ್ದುದರಿಂದ ಅದರ ಪಾತ್ರವೊಂದರ ಹೆಸರನ್ನು ಸೂಚಿಸಿದನು. ಫ್ರೆಡರಿಕ್ ಎಂಬುದನ್ನು ಮಾತ್ರ ಬದಲಿಸಬಾರದೆಂದು ಅವರು ಹಟ ಹಿಡಿದರು. ತಾನು ತಾನೇ ಎಂಬುದಕ್ಕೆ ಅದೊಂದು ಉಳಿಯಬೇಕೆಂಬುದು ಅವರ ಭಾವ. ಹುಟ್ಟಿದ ದಿನ ತಿಳಿಯದಿದ್ದ ಅವರು ಮುಂದೆ ಫೆಬ್ರವರಿ 14ನ್ನು ತಮ್ಮ ಜನ್ಮದಿನವೆಂದು ತಾವೇ ಆರಿಸಿಕೊಂಡರು.

ಇದೇ ಕಾಲದಲ್ಲಿ ಒಬ್ಬ ಸ್ತ್ರೀ ತಮ್ಮ ಹೆಸರನ್ನು ತಾವೇ ಇಟ್ಟುಕೊಂಡ ಸಂದರ್ಭವೂ ಸ್ಮರಣೀಯ. ನ್ಯೂಯಾರ್ಕ್ ಸಂಸ್ಥಾನದ ಅಲ್ಸ್ಟರ್ ಪ್ರಾಂತದಲ್ಲಿ ದಾಸಿಯಾಗಿ ಹುಟ್ಟಿದ ಇಸಬೆಲ್ಲಾ ಅವರ ಮನೆಮಾತು ಡಚ್ ಭಾಷೆ. ಕಾನೂನಿಗೆ ವಿರುದ್ಧವಾಗಿ ಅಲಬಾಮಾಕ್ಕೆ ಮಾರಾಟವಾದ ಮಗನನ್ನು ಅವರು ನ್ಯಾಯಾಲಯದ ಮೂಲಕ 1828ರಲ್ಲಿ ಮರಳಿ ಪಡೆದರು. 1843ರ ಜೂನ್ 1ರಂದು ಅವರು ಸೋಜರ್ನರ್ ಟ್ರೂತ್ ಎಂಬ ಹೆಸರನ್ನು ಧರಿಸಿ ಊರೂರಿಗೆ ಉಪದೇಶ ಮಾಡುತ್ತ ನಡೆದರು. ಸತ್ಯವನ್ನು ಹೊತ್ತು ಸಂಚರಿಸುವವಳು ಎಂಬುದು ಆ ಹೆಸರಿನ ತಾತ್ಪರ್ಯ. ಓದುಬರಹ ಬಾರದಿದ್ದ ಅವರು ಹೇಳಿ ಬರೆಯಿಸಿದ ಜೀವನಕಥೆ 1850ರಲ್ಲಿ ಹೊರಬಂದಿತು. ಒಡೆಯರು ಬದಲಾದಂತೆಲ್ಲ ಬದಲಾಗುತ್ತಿದ್ದ ಕುಲನಾಮಗಳನ್ನು ಕಳಚಿಹಾಕಿದ ಈ ನಿರ್ಧಾರ ಆ ಕಾಲಕ್ಕೆ ಸಾಮಾನ್ಯವಾದುದಲ್ಲ.

ಹೆಸರನ್ನು ಮರೆಸಿಕೊಳ್ಳುವುದೇ ಅನಿವಾರ್ಯವಾದ ಕಥೆ ಹ್ಯಾರಿಯೆಟ್ ಜೇಕಬ್ಸ್ ಅವರದು. ಉತ್ತರ ಕೆರೊಲಿನಾದ ಈಡೆಂಟನ್ ಎಂಬ ಊರಿನಲ್ಲಿ ಒಡೆಯನ ಕಾಮುಕ ಕಿರುಕುಳದಿಂದ ಪಾರಾಗಲು ಅವರು ಅಜ್ಜಿಯ ಮನೆಯ ಸೂರಿನಡಿಯ ಇಕ್ಕಟ್ಟಾದ ಸಂದಿಯಲ್ಲಿ ಸುಮಾರು ಏಳು ವರ್ಷ ಅಡಗಿ ಕುಳಿತಿದ್ದರು. ಅಲ್ಲಿ ನೆಟ್ಟಗೆ ನಿಲ್ಲುವುದಕ್ಕೂ ಎತ್ತರವಿರಲಿಲ್ಲ. ಕೆಳಗೆ ಆಡುವ ಸ್ವಂತ ಮಕ್ಕಳ ದನಿ ಕೇಳುತ್ತಿದ್ದರೂ ಅವರಿಗೆ ಓಗೊಡುವಂತಿರಲಿಲ್ಲ. 1861ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದಾಗ ಮಾನಕ್ಕೆ ಅಂಜಿ ಲಿಂಡಾ ಬ್ರೆಂಟ್ ಎಂಬ ಹೆಸರಿನ ಮರೆಯನ್ನು ಹಿಡಿದರು. ಅದರ ಫಲವಾಗಿ, ಆ ಗ್ರಂಥವು ಸಂಪಾದಕಿಯಾಗಿದ್ದ ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಅವರೇ ಕಟ್ಟಿದ ಕಾದಂಬರಿಯೆಂದು ಅನೇಕ ಪಂಡಿತರು ಬಹುಕಾಲ ನಂಬಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ವಿದುಷಿ ಹಳೆಯ ಪತ್ರಗಳ ಆಧಾರದಿಂದ ಅದು ಜೇಕಬ್ಸ್ ಅವರದೇ ಎಂದು ಸಿದ್ಧಪಡಿಸಿ 1987ರಲ್ಲಿ ಶೋಧಿತ ಆವೃತ್ತಿಯನ್ನು ಹೊರತಂದರು. ತಾನೇ ಬರೆದುದು ಎಂಬ ಮುಖಪುಟದ ಮಾತನ್ನು ಲೋಕ ನಂಬಲು ಒಂದೂಕಾಲು ಶತಮಾನ ಹಿಡಿಯಿತು.

ಇಷ್ಟು ಮಾತ್ರದಿಂದ ದಾಸ್ಯದಲ್ಲಿದ್ದವರ ಹೆಸರುಗಳೆಲ್ಲ ಒಡೆಯರ ಕೊಡುಗೆಗಳೆಂದು ತೀರ್ಮಾನಿಸುವುದು ಸರಿಯಾಗದು. ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ ಅವರು 1976ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ತೋಟಗಳ ಜನನಪಟ್ಟಿಗಳನ್ನು ಪರಿಶೀಲಿಸಿ, ಗುಲಾಮರ ಕುಟುಂಬಗಳು ಮಕ್ಕಳಿಗೆ ತಂದೆಯ, ಅಜ್ಜ ಅಜ್ಜಿಯರ, ಸೋದರಮಾವಂದಿರ ಹೆಸರುಗಳನ್ನು ಇಡುತ್ತಿದ್ದುದನ್ನು ತೋರಿಸಿಕೊಟ್ಟರು. ತಂದೆಯನ್ನು ಬೇರೆಡೆಗೆ ಮಾರಿಬಿಡುವ ಸಂಭವ ಸದಾ ಇದ್ದುದರಿಂದ ಆತನ ಹೆಸರನ್ನಾದರೂ ಮನೆಯಲ್ಲಿ ಉಳಿಸಿಕೊಳ್ಳುವ ಎಚ್ಚರ ಅದು. ಒಡೆಯನಿಗೆ ತಿಳಿಯದ ಕುಲನಾಮಗಳೂ ಅವರಲ್ಲಿ ಬಳಕೆಯಲ್ಲಿದ್ದವು. ಹುಟ್ಟಿದ ವಾರದಿಂದ ಹೆಸರಿಡುವ ಪಶ್ಚಿಮ ಆಫ್ರಿಕದ ಪದ್ಧತಿಯಿಂದ ಬಂದ ಕಫಿ, ಕುಡ್ಜೋ ಮುಂತಾದ ಹೆಸರುಗಳೂ ಕೆಲವೆಡೆ ಉಳಿದಿದ್ದವು. ಒಡೆಯನ ಲೆಕ್ಕದ ಪುಸ್ತಕ ಒಂದು, ಗುಡಿಸಿಲಿನ ಒಳಗಿನ ನೆನಪು ಇನ್ನೊಂದು. ಈ ಎರಡನೆಯದೇ ಮುಂದೆ ಆತ್ಮಕಥನಗಳಿಗೆ ಆಹಾರವಾಯಿತು.

ಬಿಡುಗಡೆ ಬಂದಾಗ ಮೊದಲು ನಡೆದ ಕೆಲಸಗಳಲ್ಲಿ ಹೆಸರಿನದೂ ಒಂದು. ಬುಕರ್ ವಾಷಿಂಗ್‌ಟನ್ ಅವರು 1901ರಲ್ಲಿ ಪ್ರಕಟವಾದ ತಮ್ಮ ಆತ್ಮಚರಿತ್ರೆಯಲ್ಲಿ ಹೇಳುವಂತೆ, ಸ್ವತಂತ್ರರಾದವರಿಗೆ ಎರಡು ಕಾರ್ಯಗಳು ಅವಶ್ಯವೆನಿಸಿದ್ದವು: ಹೆಸರನ್ನು ಬದಲಿಸುವುದು ಒಂದು, ಸ್ವಲ್ಪ ದಿನವಾದರೂ ಹಳೆಯ ತೋಟವನ್ನು ಬಿಟ್ಟು ಹೋಗಿ ಸ್ವಾತಂತ್ರ್ಯ ನಿಜವೆಂದು ಪರೀಕ್ಷಿಸಿಕೊಳ್ಳುವುದು ಇನ್ನೊಂದು. ಅವರ ಶಾಲೆಯ ಪ್ರಸಂಗ ಮನಮುಟ್ಟುವಂಥದು. ಹಾಜರಿ ಕರೆಯುವಾಗ ಉಳಿದ ಮಕ್ಕಳಿಗೆಲ್ಲ ಎರಡು ಹೆಸರುಗಳಿದ್ದವು. ಆ ಬಾಲಕನಿಗೆ ಬುಕರ್ ಎಂಬ ಒಂದೇ ಹೆಸರು. ತನ್ನ ಸರದಿ ಬರುವಷ್ಟರಲ್ಲಿ ಯೋಚನೆ ಮಾಡಿ, ಉಪಾಧ್ಯಾಯರು ಕೇಳಿದಾಗ ಬುಕರ್ ವಾಷಿಂಗ್‌ಟನ್ ಎಂದು ನಿರಾತಂಕವಾಗಿ ಹೇಳಿದನು. 1881ರಲ್ಲಿ ಟಸ್ಕೀಗಿಯಲ್ಲಿ ಪ್ರಸಿದ್ಧ ವಿದ್ಯಾಸಂಸ್ಥೆಯ ಆಡಳಿತವನ್ನು ವಹಿಸಿಕೊಂಡವರ ಹೆಸರು ಹುಟ್ಟಿದುದು ಹೀಗೆ, ಒಂದು ಹಾಜರಿಯ ಹೊತ್ತಿನಲ್ಲಿ.

ಬೇರೆ ಬೇರೆ ಕಡೆಗಳಿಗೆ ಮಾರಾಟವಾಗಿದ್ದ ಬಂಧುಗಳನ್ನು ಹುಡುಕುವುದಕ್ಕೂ ಹೆಸರೇ ಆಧಾರವಾಗಿದ್ದಿತು. ನ್ಯೂ ಆರ್ಲಿಯನ್ಸಿನ ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್ ಎಂಬ ಪತ್ರಿಕೆಯಲ್ಲಿ 1870ರ ದಶಕದ ಕೊನೆಯ ವರ್ಷಗಳಿಂದ ಇದಕ್ಕಾಗಿ ಒಂದು ಅಂಕಣವೇ ನಡೆಯಿತು. ಐವತ್ತು ಸೆಂಟು ಕೊಟ್ಟು ಜನರು ತಾಯಿಯ, ತಮ್ಮನ, ಮಗಳ ಹೆಸರನ್ನೂ ಹಿಂದಿನ ಒಡೆಯರ ಹೆಸರುಗಳನ್ನೂ ಬರೆಯಿಸುತ್ತಿದ್ದರು. ಓದಲಾರದ ಜನರೇ ಹೆಚ್ಚಾಗಿದ್ದುದರಿಂದ ಆ ಪ್ರಕಟಣೆಗಳನ್ನು ಚರ್ಚುಗಳಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂದು ಪತ್ರಿಕೆಯು ಪಾದ್ರಿಗಳನ್ನು ಕೇಳಿಕೊಳ್ಳುತ್ತಿದ್ದಿತು. ಒಡೆಯ ಬದಲಾದಂತೆ ಹೆಸರೂ ಬದಲಾಗಿದ್ದವರನ್ನು ಹುಡುಕುವುದು ಎಷ್ಟು ದುಸ್ತರವೆಂಬುದನ್ನು ಓದುಗರು ಊಹಿಸಬಹುದು.

ದಾಸ್ಯ ಹೋದರೂ ಸಂಬೋಧನೆಯ ಕ್ರಮ ಹೋಗಲಿಲ್ಲ. 1896ರ ಪ್ಲೆಸಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಣ್ಣದ ಮೇಲಿನ ಪ್ರತ್ಯೇಕತೆಯನ್ನು ಎತ್ತಿಹಿಡಿದ ಬಳಿಕ ದಕ್ಷಿಣದ ಸಂಸ್ಥಾನಗಳಲ್ಲಿ ರೈಲುಗಾಡಿ, ಶಾಲೆ, ನೀರಿನ ನಲ್ಲಿ ಎಲ್ಲವೂ ಬೇರೆಬೇರೆಯಾಗಿ ನಡೆದುವು. ಇವು ಬರೆದ ಕಾನೂನುಗಳು. ಇವಲ್ಲದೆ ಬರೆಯದ ಕಾನೂನೊಂದಿದ್ದಿತು. ಕಪ್ಪು ಜನರು ಬಿಳಿಯರನ್ನು ಮಿಸ್ಟರ್, ಮಿಸೆಸ್ ಎಂದು ಗೌರವಿಸಿಯೇ ಕರೆಯಬೇಕು. ಬಿಳಿಯರಾದರೋ ಕಪ್ಪು ಜನರನ್ನು ಬರಿಯ ಹೆಸರಿನಿಂದ ಕರೆಯುವರು. ಪ್ರಾಯದ ಗಂಡಸನ್ನು 'ಬಾಯ್', ಎಂದರೆ ಹುಡುಗ, ಎನ್ನುವರು. ಮುದುಕರಾದರೆ 'ಅಂಕಲ್', 'ಆಂಟಿ' ಎನ್ನುವರು. ಕನ್ನಡದಲ್ಲಿ ಅಪರಿಚಿತರನ್ನು ಅಣ್ಣ, ಅಕ್ಕ, ಅಜ್ಜ ಎಂದು ಕರೆಯುವುದು ಆದರದ ಗುರುತು. ಅಲ್ಲಿ ಅದೇ ನಂಟಿನ ಪದಗಳು ಆದರವನ್ನು ಸಲ್ಲಿಸದೆ ತಪ್ಪಿಸಿಕೊಳ್ಳುವ ಉಪಾಯವಾದವು. ಮಾತು ಒಂದೇ ಆದರೂ ಅದರ ಹಿಂದಿರುವ ಮನಸ್ಸು ಬೇರೆಯಾದರೆ ಅರ್ಥವೂ ತಲೆಕೆಳಗಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಈ ಅನುಭವಕ್ಕೆ ತಾತ್ವಿಕವಾದ ರೂಪವನ್ನು ಕೊಟ್ಟವರು ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರು. ಉತ್ತರದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 1868ರಲ್ಲಿ ಹುಟ್ಟಿದ ಅವರು 1903ರ ತಮ್ಮ ಪ್ರಖ್ಯಾತ ಪ್ರಬಂಧ ಸಂಕಲನದಲ್ಲಿ ಬಾಲ್ಯದ ಒಂದು ಪ್ರಸಂಗವನ್ನು ಹೇಳುತ್ತಾರೆ. ಶಾಲೆಯ ಮಕ್ಕಳು ಹೆಸರಿನ ಚೀಟಿಗಳನ್ನು ಕೊಂಡು ಪರಸ್ಪರ ಹಂಚಿಕೊಳ್ಳುತ್ತಿದ್ದರು. ಹೊಸದಾಗಿ ಬಂದ ಹುಡುಗಿಯೊಬ್ಬಳು ಇವರ ಚೀಟಿಯನ್ನು ಮಾತ್ರ ನಿರಾಕರಿಸಿದಳು. ತಾವು ಬೇರೆ, ತಮಗೂ ಲೋಕಕ್ಕೂ ನಡುವೆ ಒಂದು ತೆರೆಯಿದೆ ಎಂಬ ಅರಿವು ಆ ಕ್ಷಣದಲ್ಲಿ ಮೂಡಿತೆಂದು ಅವರ ನಿವೇದನೆ. ತನ್ನನ್ನು ತಾನು ಪರರ ಕಣ್ಣಿನಿಂದಲೇ ಅಳೆದುಕೊಳ್ಳಬೇಕಾದ ಈ ಸ್ಥಿತಿಯನ್ನು ಅವರು ಇಬ್ಬಗೆಯ ಪ್ರಜ್ಞೆ ಎಂದು ಕರೆದರು. ಒಬ್ಬರ ಹೆಸರನ್ನು ಕೈಯಲ್ಲಿ ಹಿಡಿಯಲೊಲ್ಲದ ಒಂದು ಮಗುವಿನ ಚೇಷ್ಟೆಯಿಂದ ಈ ವಿಚಾರ ಹುಟ್ಟಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ಡುಬಾಯ್ಸ್ ಅವರು ವ್ಯಕ್ತಿಯ ಹೆಸರಿನಂತೆ ಜನಾಂಗದ ಹೆಸರಿಗೂ ಹೋರಾಡಿದರು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ಇಂಗ್ಲಿಷಿನಲ್ಲಿ ಜನಾಂಗಗಳ, ದೇಶಗಳ ಹೆಸರುಗಳೆಲ್ಲ ದೊಡ್ಡಕ್ಷರದಿಂದ ಮೊದಲಾಗುತ್ತವೆ. ನೀಗ್ರೋ ಎಂಬ ಪದವನ್ನು ಮಾತ್ರ ವಸ್ತುವಾಚಕದಂತೆ ಚಿಕ್ಕಕ್ಷರದಿಂದ ಅಚ್ಚುಮಾಡುವುದು ರೂಢಿಯಾಗಿದ್ದಿತು. ಲಕ್ಷಾಂತರ ಜನರಿಗೆ ಒಂದು ದೊಡ್ಡಕ್ಷರವಾದರೂ ಸಲ್ಲಬೇಕೆಂದು 1899ರ ತಮ್ಮ ಫಿಲಡೆಲ್ಫಿಯಾ ಅಧ್ಯಯನದಲ್ಲಿಯೇ ಅವರು ವಾದಿಸಿದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಒಪ್ಪಿದುದು 1930ರ ಮಾರ್ಚಿನಲ್ಲಿ. 1960ರ ದಶಕದ ಕೊನೆಯಲ್ಲಿ ನೀಗ್ರೋ ಎಂಬುದು ಹಿಂದೆ ಸರಿದು, ಒಂದು ಕಾಲಕ್ಕೆ ಬೈಗುಳವಾಗಿದ್ದ 'ಕಪ್ಪು' ಎಂಬ ಪದವೇ ಅಭಿಮಾನದ ಹೆಸರಾಯಿತು. 1988ರಲ್ಲಿ ಜೆಸ್ಸಿ ಜಾಕ್ಸನ್ ಮೊದಲಾದ ನಾಯಕರು ಆಫ್ರಿಕನ್ ಅಮೆರಿಕನ್ ಎಂಬುದನ್ನು ಮುಂದಿಟ್ಟರು. 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ 'ಕಪ್ಪು' ಎಂಬರ್ಥದ ಇಂಗ್ಲಿಷ್ ಪದಕ್ಕೂ ದೊಡ್ಡಕ್ಷರವನ್ನು ನಿಯಮ ಮಾಡಿತು. ಕನ್ನಡ ಪತ್ರಿಕೆಗಳೂ ಬಹುಕಾಲ ನೀಗ್ರೋ ಎಂದೇ ಬರೆದವು. ಅದು ಇಂದು ಸಲ್ಲದ ಪ್ರಯೋಗ.

ನಿತ್ಯಜೀವನವೆಂದರೆ ಅವಮಾನಗಳ ಪಟ್ಟಿ ಮಾತ್ರವೇ ಎಂಬ ಪ್ರಶ್ನೆಯನ್ನೆತ್ತಿದವರು ಜೋರಾ ನೀಲ್ ಹರ್ಸ್ಟನ್ ಅವರು. ಅವರು ಬೆಳೆದ ಫ್ಲಾರಿಡಾದ ಈಟನ್‌ವಿಲ್ ಕಪ್ಪು ಜನರೇ ಕಟ್ಟಿ ಆಳಿಕೊಂಡ ಪಟ್ಟಣ. ಅದಕ್ಕೆ 1887ರಲ್ಲಿ ಪುರಸಭೆಯ ಸ್ಥಾನ ದೊರೆತಿದ್ದಿತು. ಅಲ್ಲಿ ತಾವು ಎಲ್ಲರ ಜೋರಾ ಆಗಿದ್ದು, ಓದಿಗಾಗಿ ಜಾಕ್ಸನ್‌ವಿಲ್ಲಿಗೆ ಹೋದ ಮೇಲೆಯೇ 'ಕಪ್ಪು ಹುಡುಗಿ' ಆದುದಾಗಿ ಅವರು 1928ರ ಪ್ರಬಂಧದಲ್ಲಿ ಬರೆದರು. ಅಂದರೆ ಜನಾಂಗವೆಂಬುದು ಮೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಊರಿನಲ್ಲಿ, ನೋಡುವವರ ದೃಷ್ಟಿಯಲ್ಲಿ ಇದೆ ಎಂಬುದು ಅವರ ಅಭಿಪ್ರಾಯ. ಅಂಗಡಿಕಟ್ಟೆಯ ಹರಟೆ, ಕಥೆ, ಹಾಸ್ಯ, ಹಾಡುಗಳನ್ನು ಅವರು ಜಾನಪದ ವಿದ್ವಾಂಸರಾಗಿ ಸಂಗ್ರಹಿಸಿದರು. ದುಃಖವೇ ಕಪ್ಪು ಜನರ ಏಕೈಕ ಸ್ವತ್ತೆಂಬ ಭಾವನೆಯನ್ನು ಅವರು ಒಪ್ಪಲಿಲ್ಲ.

ಹರ್ಸ್ಟನ್ ಅವರೇ 1927ರಲ್ಲಿ ಅಲಬಾಮಾದ ಮೊಬೀಲ್ ಪಟ್ಟಣದ ಬಳಿ ವೃದ್ಧರೊಬ್ಬರನ್ನು ಕಂಡರು. ಊರವರೆಲ್ಲ ಕುಡ್ಜೋ ಲೂಯಿಸ್ ಎಂದು ಬಲ್ಲ ಆ ವೃದ್ಧರನ್ನು 1860ರಲ್ಲಿ ಕ್ಲೊಟಿಲ್ಡಾ ಎಂಬ ಹಡಗಿನಲ್ಲಿ ಕಳ್ಳತನದಿಂದ ತರಲಾಗಿದ್ದಿತು. ಗುಲಾಮರ ಆಮದು ಆ ದೇಶದಲ್ಲಿ 1808ರಿಂದಲೇ ನಿಷಿದ್ಧವಾಗಿದ್ದರೂ ನಡೆದ ಕೃತ್ಯವದು. ಅವರ ನಿಜನಾಮ ಕೊಸೊಲಾ. ಒಡೆಯನ ನಾಲಿಗೆಗೆ ಅದು ಹೊರಳದಿದ್ದಾಗ ಕುಡ್ಜೋ ಎನ್ನಿ ಎಂದು ಅವರೇ ಹೇಳಿದ್ದರು. ಹರ್ಸ್ಟನ್ ಅವರು ಬಾಗಿಲಲ್ಲಿ ನಿಂತು ಕೊಸೊಲಾ ಎಂದು ಕೂಗಿದಾಗ ಆ ವೃದ್ಧರ ಕಣ್ಣಲ್ಲಿ ಆನಂದದ ನೀರು ಬಂದಿತು. ಕಡಲಾಚೆಯ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದಿಟ್ಟ ಹಸ್ತಪ್ರತಿಯನ್ನು ತಿದ್ದಿ ಶಿಷ್ಟವಾದ ಇಂಗ್ಲಿಷಿಗೆ ತರಲು ಹರ್ಸ್ಟನ್ ಒಪ್ಪಲಿಲ್ಲವಾಗಿ ಅದು ಅಚ್ಚಾಗದೆ ಉಳಿಯಿತು. ಕೊಸೊಲಾ ಅವರು 1935ರಲ್ಲಿ ತೀರಿಕೊಂಡರು. ಪುಸ್ತಕ ಪ್ರಕಟವಾದುದು 2018ರಲ್ಲಿ. ಆ ಹಡಗಿನ ಅವಶೇಷವನ್ನು ಮೊಬೀಲ್ ನದಿಯಲ್ಲಿ 2019ರಲ್ಲಿ ಗುರುತಿಸಲಾಯಿತು.

ಬದುಕುಳಿಯಲು ಅವಮಾನದ ಹೆಸರನ್ನೇ ಉಪಾಯವಾಗಿ ಬಳಸಿದ ಪ್ರಸಂಗ 1945ರಲ್ಲಿ ಬಂದ ರಿಚರ್ಡ್ ರೈಟ್ ಅವರ ಆತ್ಮಕಥೆಯಲ್ಲಿದೆ. ಮೆಂಫಿಸ್ ಪಟ್ಟಣದ ಗ್ರಂಥಾಲಯದಲ್ಲಿ ಕಪ್ಪು ಜನರಿಗೆ ಪುಸ್ತಕ ದೊರೆಯುತ್ತಿರಲಿಲ್ಲ. ತರುಣ ರೈಟ್ ಸಹಾನುಭೂತಿಯುಳ್ಳ ಬಿಳಿಯನೊಬ್ಬನ ಸದಸ್ಯತ್ವ ಚೀಟಿಯನ್ನು ಎರವಲು ಪಡೆದು, ಆತನು ತಮ್ಮನ್ನು ಕಳುಹಿಸಿರುವಂತೆ ಒಂದು ಪತ್ರವನ್ನು ಸೃಷ್ಟಿಸಿದರು. ಗ್ರಂಥಪಾಲಕಿಗೆ ಸಂಶಯ ಬರದಿರಲೆಂದು ಪತ್ರದಲ್ಲಿ ತಮ್ಮನ್ನು ತಾವೇ ಅತಿ ಹೀನವಾದ ಬೈಗುಳದ ಪದದಿಂದ ಸೂಚಿಸಿಕೊಂಡರು. ಒಬ್ಬ ಮಹಾ ಲೇಖಕರಿಗೆ ಸಾಹಿತ್ಯದ ಬಾಗಿಲು ತೆರೆದುದು ಇಂಥ ಬೆಲೆಯನ್ನು ತೆತ್ತ ಮೇಲೆ.

ಮಾಯಾ ಆಂಜೆಲೊ ಅವರು 1969ರ ಆತ್ಮಕಥೆಯಲ್ಲಿ ಚಿತ್ರಿಸಿದ ಪ್ರಸಂಗ ಅಡುಗೆಮನೆಯದು. ಅರ್ಕನ್ಸಾಸಿನ ಸ್ಟ್ಯಾಂಪ್ಸ್ ಎಂಬ ಪುಟ್ಟ ಊರಿನಲ್ಲಿ ಅವರು ಬಾಲಕಿಯಾಗಿದ್ದಾಗ ಬಿಳಿಯ ಗೃಹಿಣಿಯೊಬ್ಬಳ ಮನೆಯಲ್ಲಿ ಕೆಲಸಕ್ಕಿದ್ದರು. ಬಾಲಕಿಯ ಹೆಸರು ಮಾರ್ಗರೀಟ್. ಅದು ಉದ್ದವಾಯಿತೆಂದು ಆಕೆ ಮೇರಿ ಎಂದು ಕರೆಯತೊಡಗಿದಳು. ಅದೇ ಮನೆಯಲ್ಲಿ ಬಹುಕಾಲದಿಂದಿದ್ದ ಅಡುಗೆಯಾಕೆಯ ಹೆಸರನ್ನೂ ಹೀಗೆಯೇ ಬದಲಿಸಲಾಗಿದ್ದಿತು. ಆಕೆ ಅದಕ್ಕೆ ಹೊಂದಿಕೊಂಡಿದ್ದರು. ಬಾಲಕಿ ಹೊಂದಿಕೊಳ್ಳಲಿಲ್ಲ. ಒಡತಿಗೆ ಪ್ರಿಯವಾದ ಪಿಂಗಾಣಿ ಪಾತ್ರೆಗಳನ್ನು ಬೇಕೆಂದೇ ನೆಲಕ್ಕೆ ಬೀಳಿಸಿ ಒಡೆದು ಆ ಮನೆಯಿಂದ ಹೊರಬಿದ್ದಳು. ತಮ್ಮ ಜನರಲ್ಲಿ ಸರಿಯಾದ ಹೆಸರಿನಿಂದ ಕರೆಯದಿರುವುದನ್ನು ಎಲ್ಲರೂ ಎಷ್ಟು ಭಯಂಕರವೆಂದು ಬಗೆದಿದ್ದರೆಂಬುದನ್ನು ಆಂಜೆಲೊ ಈ ಸಂದರ್ಭದಲ್ಲಿ ವಿವರಿಸುತ್ತಾರೆ.

ಅಡುಗೆಮನೆಯ ಈ ಪ್ರಶ್ನೆ ಕಡೆಗೆ ದೇಶದ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. 1963ರಲ್ಲಿ ಅಲಬಾಮಾದ ಗ್ಯಾಡ್ಸ್‌ಡನ್ ಪಟ್ಟಣದಲ್ಲಿ ನಾಗರಿಕ ಹಕ್ಕುಗಳ ಚಳವಳಿಯ ಕಾರ್ಯಕರ್ತೆ ಮೇರಿ ಹ್ಯಾಮಿಲ್ಟನ್ ಅವರು ಸಾಕ್ಷಿಕಟ್ಟೆಯನ್ನೇರಿದಾಗ ಸರಕಾರದ ವಕೀಲರು ಅವರನ್ನು ಬರಿದೆ ಮೇರಿ ಎಂದು ಕರೆದು ಪ್ರಶ್ನಿಸಿದರು. ಮಿಸ್ ಹ್ಯಾಮಿಲ್ಟನ್ ಎನ್ನುವವರೆಗೂ ಉತ್ತರ ಕೊಡುವುದಿಲ್ಲವೆಂದು ಅವರು ಹೇಳಿದರು. ಬಿಳಿಯ ಸಾಕ್ಷಿಗಳಿಗೆ ಸಲ್ಲುವ ಮರ್ಯಾದೆ ತಮಗೂ ಸಲ್ಲಬೇಕೆಂಬುದಷ್ಟೇ ಅವರ ಬೇಡಿಕೆ. ನ್ಯಾಯಾಧೀಶರು ನ್ಯಾಯಾಲಯ ನಿಂದನೆಗಾಗಿ ಐದು ದಿನಗಳ ಸೆರೆ ಮತ್ತು 50 ಡಾಲರ್ ದಂಡ ವಿಧಿಸಿದರು. 1964ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿತು. ಬಸ್ಸಿನ ಆಸನದಂತೆ ಗೌರವದ ಒಂದು ಪದವೂ ನಾಗರಿಕ ಹಕ್ಕಿನ ವಿಷಯವೆಂದು ಅಂದು ಸ್ಥಿರವಾಯಿತು.

ಹ್ಯಾಮಿಲ್ಟನ್ ಅವರು ತಮ್ಮ ಕುಲನಾಮಕ್ಕೆ ಮರ್ಯಾದೆ ಕೇಳಿದರೆ ಮಾಲ್ಕಂ ಎಕ್ಸ್ ಅವರು ಕುಲನಾಮವನ್ನೇ ತ್ಯಜಿಸಿದರು. 1925ರಲ್ಲಿ ಮಾಲ್ಕಂ ಲಿಟ್ಲ್ ಆಗಿ ಹುಟ್ಟಿದ ಅವರು, ಲಿಟ್ಲ್ ಎಂಬುದು ಪೂರ್ವಿಕರ ಒಡೆಯನಿಂದ ಬಂದ ಗುರುತೆಂದು ಅದನ್ನು ಅಳಿಸಿ, ಕಳೆದುಹೋದ ಆಫ್ರಿಕನ್ ಹೆಸರಿನ ಸ್ಥಾನದಲ್ಲಿ ಗಣಿತದ ಅವ್ಯಕ್ತ ಸಂಖ್ಯೆಯಂತೆ ಎಕ್ಸ್ ಎಂಬ ಅಕ್ಷರವನ್ನಿಟ್ಟರು. ಅಲೆಕ್ಸ್ ಹೇಲಿ ಅವರ ನೆರವಿನಿಂದ ಸಿದ್ಧವಾದ ಅವರ ಆತ್ಮಕಥೆ, 1965ರ ಫೆಬ್ರವರಿ 21ರಂದು ಅವರ ಕೊಲೆಯಾದ ಬಳಿಕ ಅದೇ ವರ್ಷ ಹೊರಬಂದಿತು. ಡಗ್ಲಸ್ ಅವರು ಹೊಸ ಹೆಸರಿನಿಂದ ತುಂಬಿದ ಸ್ಥಳವನ್ನು ಮಾಲ್ಕಂ ಅವರು ಬರಿದಾಗಿಯೇ ತೋರಿಸಿದರು. ಎರಡೂ ಒಂದೇ ನಷ್ಟದ ಎರಡು ಲೆಕ್ಕಗಳು.

ಈ ಕಥೆ ಮುಗಿದುಹೋದ ಕಾಲದ್ದೆಂದು ಭಾವಿಸುವಂತಿಲ್ಲ. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಬಾಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ಉದ್ಯೋಗದ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳುಹಿಸಿದ್ದರು. ಯೋಗ್ಯತೆಯಲ್ಲಿ ಅರ್ಜಿಗಳು ಸಮಾನವಾಗಿದ್ದವು. ಹೆಸರುಗಳು ಮಾತ್ರ ಭಿನ್ನ. ಬಿಳಿಯರಲ್ಲಿ ರೂಢಿಯಾದ ಹೆಸರುಳ್ಳ ಹತ್ತು ಅರ್ಜಿಗಳಿಗೆ ಒಂದು ಕರೆ ಬಂದರೆ, ಕಪ್ಪು ಜನರಲ್ಲಿ ರೂಢಿಯಾದ ಹೆಸರಿದ್ದಾಗ ಒಂದು ಕರೆಗೆ ಹದಿನೈದು ಅರ್ಜಿಗಳು ಬೇಕಾದವು. ಅರ್ಜಿದಾರರ ಮುಖವನ್ನು ಯಾರೂ ನೋಡಿರಲಿಲ್ಲ. ಹೆಸರನ್ನು ಓದಿಯೇ ಬಾಗಿಲು ಮುಚ್ಚಿದ್ದಿತು.

ಆಫ್ರಿಕದಿಂದ ಬಲಾತ್ಕಾರವಾಗಿ ತರಲ್ಪಟ್ಟವರ ಚರಿತ್ರೆ ಅಟ್ಲಾಂಟಿಕ್ ಸಾಗರಕ್ಕೆ ಸೀಮಿತವಲ್ಲವಾದುದರಿಂದ ಕರ್ನಾಟಕಕ್ಕೂ ಇದರೊಡನೆ ಒಂದು ನೈಜವಾದ ಸಂಬಂಧವಿದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ಮೊದಲಾದ ತಾಲ್ಲೂಕುಗಳಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಇಂದು ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದು ವ್ಯಕ್ತಿನಾಮಗಳೂ ಆಯಾ ಮತಕ್ಕನುಗುಣವಾಗಿವೆ. ಸಿದ್ದಿ ಎಂಬ ಒಂದು ಪದ ಮಾತ್ರ ಎಲ್ಲರನ್ನೂ ಕೂಡಿಸಿದೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅಮೆರಿಕದವರ ಚರಿತ್ರೆಯನ್ನು ಇವರ ಮೇಲೆ ಹೊರಿಸುವುದು ಯುಕ್ತವಲ್ಲ. ಆದರೆ ಕನ್ನಡವನ್ನಾಡುವ ಈ ಜನರ ಆತ್ಮಕಥನಗಳು ಬಂದಾಗ ಅವನ್ನು ಓದಲು ಬೇಕಾದ ಸಿದ್ಧತೆಯನ್ನು ಮೇಲಿನ ಗ್ರಂಥಗಳು ಕೊಡಬಲ್ಲವು.

ಈ ಎಲ್ಲ ಕೃತಿಗಳನ್ನು ಒಟ್ಟಾಗಿ ನೋಡಿದಾಗ ಮೂರು ಹಕ್ಕುಗಳ ಪ್ರತಿಪಾದನೆ ಸ್ಪಷ್ಟವಾಗುತ್ತದೆ. ತನ್ನ ಹೆಸರನ್ನು ತಾನು ಉಳಿಸಿಕೊಳ್ಳುವ ಅಥವಾ ಆರಿಸಿಕೊಳ್ಳುವ ಹಕ್ಕು ಒಂದು. ಆ ಹೆಸರಿನಿಂದ ಮರ್ಯಾದೆಯಾಗಿ ಕರೆಯಿಸಿಕೊಳ್ಳುವ ಹಕ್ಕು ಎರಡನೆಯದು. ತಾನು ಬರೆದುದು ತನ್ನದೇ ಎಂದು ನಂಬಿಸಿಕೊಳ್ಳುವ ಹಕ್ಕು ಮೂರನೆಯದು. ದೊಡ್ಡ ಶಾಸನಗಳು ಈ ಸಣ್ಣ ಹಕ್ಕುಗಳ ಮೇಲೆಯೇ ನಿಂತಿವೆ; ಇವು ಕುಸಿದರೆ ಅವು ಕಾಗದವಾಗಿ ಉಳಿಯುತ್ತವೆ.

1960ರಲ್ಲಿ ಬಡತನದಲ್ಲಿಯೇ ತೀರಿಕೊಂಡ ಹರ್ಸ್ಟನ್ ಅವರನ್ನು ಫ್ಲಾರಿಡಾದ ಫೋರ್ಟ್ ಪಿಯರ್ಸ್ ಪಟ್ಟಣದಲ್ಲಿ ಸಮಾಧಿ ಮಾಡಲಾಗಿದ್ದಿತು. ಕೊಸೊಲಾ ಅವರನ್ನು ನಿಜವಾದ ಹೆಸರಿನಿಂದ ಕೂಗಿದ ಆ ಲೇಖಕಿಯ ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 1973ರಲ್ಲಿ ಕಿರಿಯ ಲೇಖಕಿ ಆಲಿಸ್ ವಾಕರ್ ಅವರು ಅಲ್ಲಿಗೆ ಹೋಗಿ, ಸೊಂಟದೆತ್ತರ ಬೆಳೆದಿದ್ದ ಕಳೆಯ ನಡುವೆ ಸ್ಥಳವನ್ನು ಹುಡುಕಿ, ಹೆಸರು ಕೆತ್ತಿಸಿದ ಕಲ್ಲನ್ನು ನಿಲ್ಲಿಸಿದರು. ಮರೆತುಹೋಗಿದ್ದ ಹರ್ಸ್ಟನ್ ಅವರ ಕೃತಿಗಳು ಆ ಬಳಿಕ ಮತ್ತೆ ಅಚ್ಚಾಗಿ ಓದುಗರ ಕೈಗೆ ಬಂದವು.